ಒಬ್ಬರ ಅಡುಗೆಗೆ ದಿನಸಿ: ತಳ್ಳುಗಾಡಿ, ಅಂಗಡಿ, ಆ್ಯಪ್, ಮಾರ್ಕೆಟ್ – ಯಾವುದು ಗಿಟ್ಟುತ್ತದೆ?

ಬೆಂಗಳೂರಿನಲ್ಲಿ ಒಬ್ಬನೇ ಮನೆ ಮಾಡಿದ ಮೊದಲ ತಿಂಗಳಲ್ಲೇ ನಾನೊಂದು ಜಾಣತನ ಮಾಡಿದೆ. 26 ಕೆಜಿಯ ಸೋನಾ ಮಸೂರಿ ಮೂಟೆ ತಂದೆ. ಊರಲ್ಲಿ ಅಪ್ಪ ತರುತ್ತಿದ್ದದ್ದೂ ಮೂಟೆಯೇ. ಮೂಟೆ ತಂದರೆ ಕೆಜಿಗೆ ಎರಡು ಮೂರು ರೂಪಾಯಿ ಉಳಿಯುತ್ತದೆ ಅನ್ನುವುದು ನಮ್ಮ ಮನೆಯಲ್ಲಿ ಯಾರೂ ಪ್ರಶ್ನೆ ಮಾಡದ ಮಾತು. ಆದರೆ ಅಲ್ಲಿ ಊಟಕ್ಕೆ ಕೂರುವವರು ಆರು ಜನ, ಜೊತೆಗೆ ಬಂದು ಹೋಗುವ ನೆಂಟರು. ಇಲ್ಲಿ ನಾನೊಬ್ಬ, ಅದೂ ರಾತ್ರಿ ಒಂದೇ ಹೊತ್ತು ಅನ್ನ. ದಿನಕ್ಕೆ 150 ಗ್ರಾಂ ಅಕ್ಕಿ ಅಂದರೂ 26 ಕೆಜಿ ಮುಗಿಯಲು 173 ದಿನ ಬೇಕು. ಮಳೆಗಾಲ ಬಂತು, ಮೂಟೆಗೆ ನುಸಿ ಬಿತ್ತು. ಒಂದು ಬಿಸಿಲಿನ ದಿನ ನೋಡಿ ಟೆರೇಸಿನಲ್ಲಿ ಹರಡಿ ಆಫೀಸಿಗೆ ಹೋದೆ. ಸಂಜೆ ಬರುವಷ್ಟರಲ್ಲಿ ಪಾರಿವಾಳಗಳು ಊಟ ಮುಗಿಸಿದ್ದವು.

ಅಂದಿನಿಂದ ನಾನು ಲೆಕ್ಕ ಹಾಕುವ ರೀತಿ ಬದಲಾಯಿತು. ತಂದ ಕೆಜಿಗೆ ಎಷ್ಟು ಕೊಟ್ಟೆ ಅನ್ನುವುದು ಅಂಗಡಿಯವರ ಲೆಕ್ಕ. ತಿಂದ ಕೆಜಿಗೆ ಎಷ್ಟು ಕೊಟ್ಟೆ ಅನ್ನುವುದು ನನ್ನ ಲೆಕ್ಕ.

ಒಂದು ಉದಾಹರಣೆ ನೋಡಿ. ದೊಡ್ಡ ಮಾರ್ಕೆಟ್ಟಿನಲ್ಲಿ ಟೊಮೆಟೊ ಕೆಜಿಗೆ 20 ರೂಪಾಯಿ, ಆದರೆ ಎರಡು ಕೆಜಿ ಗುಡ್ಡೆಯನ್ನೇ ತೆಗೆದುಕೊಳ್ಳಬೇಕು ಅಂತ ಇಟ್ಟುಕೊಳ್ಳಿ. ಮನೆ ಮುಂದೆ ಬರುವ ಗಾಡಿಯಲ್ಲಿ ಕೆಜಿಗೆ 30, ಆದರೆ ಅರ್ಧ ಕೆಜಿಯೂ ಕೊಡುತ್ತಾರೆ. ನೀವು ವಾರಕ್ಕೆ ತಿನ್ನುವುದು ಒಂದೇ ಕೆಜಿ. ಮಾರ್ಕೆಟ್ಟಿನದರಲ್ಲಿ ಒಂದು ಕೆಜಿ ಕೊಳೆತು ಹೋದರೆ ನೀವು ತಿಂದ ಟೊಮೆಟೊಗೆ ಬಿದ್ದದ್ದು ಕೆಜಿಗೆ 40 ರೂಪಾಯಿ. ಬಸ್ ಚಾರ್ಜ್ ಬೇರೆ. ಗಾಡಿಯದು ಮೂವತ್ತಕ್ಕೇ ಮುಗಿಯಿತು. ಅಗ್ಗದ್ದು ಯಾವುದು?

ದಿನಸಿ ಉಳಿತಾಯದ ಬಗ್ಗೆ ಸಿಗುವ ಸಲಹೆ ಎಲ್ಲಾ ಸಂಸಾರಸ್ಥರಿಗಾಗಿ ಮಾಡಿದ್ದು. ಸಗಟು ತನ್ನಿ, ತಿಂಗಳಿಗೊಮ್ಮೆ ತನ್ನಿ, ದೊಡ್ಡ ಪ್ಯಾಕೆಟ್ ತನ್ನಿ. ಒಬ್ಬರೇ ಇರುವವರಿಗೆ ಅದರಲ್ಲಿ ಅರ್ಧ ಉಲ್ಟಾ ಹೊಡೆಯುತ್ತದೆ. ಹಾಗಾಗಿ ಸಾಮಾನಿನ ಜಾತಿ ನೋಡಿಕೊಂಡು ಎಲ್ಲಿ ಏನು ಕೊಳ್ಳುವುದು ಗಿಟ್ಟುತ್ತದೆ ಅಂತ ಹೋಲಿಸಿ ಬರೆಯುತ್ತಿದ್ದೇನೆ. ನಾನಿರುವುದು ಬೆಂಗಳೂರು ದಕ್ಷಿಣದಲ್ಲಿ, ಗಾಂಧಿ ಬಜಾರಿನಿಂದ ನಡೆದು ಹೋಗುವಷ್ಟು ದೂರದಲ್ಲಿ. ನಿಮ್ಮ ಏರಿಯಾದಲ್ಲಿ ರೇಟು ಬೇರೆ ಇರಬಹುದು. ಮೇಲೆ ಹೇಳಿದ ಥರ ಲೆಕ್ಕಕ್ಕೆ ಇಟ್ಟುಕೊಂಡ ಬೆಲೆಗಳು ಲೆಕ್ಕಕ್ಕಷ್ಟೇ.

ತರಕಾರಿ: ತಳ್ಳುಗಾಡಿಯೇ ಗೆಲ್ಲುವುದು, ಒಂದು ಷರತ್ತಿನ ಮೇಲೆ

ನಮ್ಮ ಬೀದಿಗೆ ಬೆಳಿಗ್ಗೆ ಏಳೂವರೆಗೆ ಒಬ್ಬ ಅಕ್ಕ ಗಾಡಿ ತಳ್ಳಿಕೊಂಡು ಬರುತ್ತಾರೆ. ಮೊದಲ ವಾರ ನಾನು ಒಂದೊಂದು ತರಕಾರಿಯೂ ಅರ್ಧ ಕೆಜಿ ಅಂದೆ. ಅವರು ನನ್ನ ಮುಖ ನೋಡಿ, "ಒಬ್ರಿಗೇ ತಾನೆ ಅಣ್ಣ? ಸಾಂಬಾರಿಗೆ ಎಲ್ಲಾ ಒಂದೊಂದು ಹಾಕ್ಕೊಡ್ತೀನಿ ಇರಿ" ಅಂದರು. ಒಂದು ಕ್ಯಾರೆಟ್, ನಾಲ್ಕು ಬೀನ್ಸ್, ಅರ್ಧ ಸೀಮೆಬದನೆಕಾಯಿ, ಒಂದು ನುಗ್ಗೆಕಾಯಿ. ಎಲ್ಲಾ ಸೇರಿಸಿ ಒಂದೇ ತೂಕ, ಒಂದೇ ರೇಟು. ಮೇಲೆ ಕೊಸರು ಬೇರೆ: ಒಂದೆಸಳು ಕರಿಬೇವು, ಎರಡು ಹಸಿಮೆಣಸಿನಕಾಯಿ. ಇದೇ ಕರಿಬೇವು, ಮೆಣಸಿನಕಾಯಿ, ಕೊತ್ತಂಬರಿ ಆ್ಯಪಿನಲ್ಲಿ ಮೂರು ಬೇರೆ ಬೇರೆ ಸಾಮಾನು, ಮೂರಕ್ಕೂ ಬೇರೆ ಬೇರೆ ರೇಟು.

ಕೆಜಿ ಲೆಕ್ಕದಲ್ಲಿ ಗಾಡಿಯದು ಜಾಸ್ತಿಯೇ. ಅವರು ನಸುಕಿನಲ್ಲಿ ಮಾರ್ಕೆಟ್ಟಿಗೆ ಹೋಗಿ, ಆಟೋ ಬಾಡಿಗೆ ಕೊಟ್ಟು, ಬಿಸಿಲಲ್ಲಿ ತಳ್ಳಿಕೊಂಡು ಬರುತ್ತಾರೆ. ಹೆಚ್ಚಿಗೆ ಕೊಡುವ ಆ ನಾಲ್ಕೈದು ರೂಪಾಯಿಗೆ ನಮಗೆ ಸಿಗುವುದು ಒಂದು ನುಗ್ಗೆಕಾಯಿ ಮಾತ್ರ ಕೊಳ್ಳುವ ಹಕ್ಕು. ಒಂಟಿ ಜೀವಕ್ಕೆ ಅದೇ ದೊಡ್ಡದು.

ಷರತ್ತು ಏನೆಂದರೆ, ಎರಡು ದಿನಕ್ಕೊಮ್ಮೆ ಬೆಳಿಗ್ಗೆ ಆ ಹೊತ್ತಿಗೆ ಮನೆಯಲ್ಲಿ ಎದ್ದಿರಬೇಕು. ನೈಟ್ ಶಿಫ್ಟಿನವರಿಗೆ ಇದು ಆಗದ ಮಾತು. ಇನ್ನೊಂದು, ತಕ್ಕಡಿ ಸೊನ್ನೆಯಲ್ಲಿದೆಯಾ ಅಂತ ಒಮ್ಮೆ ಕಣ್ಣು ಹಾಯಿಸುವುದು. ಚೌಕಾಸಿ ಮಾಡಿ ಅಂತ ನಾನು ಹೇಳುವುದಿಲ್ಲ. ಕಾಲು ಕೆಜಿಗೆ ಚೌಕಾಸಿ ಮಾಡಿದರೆ ಉಳಿಯುವುದು ಎರಡು ರೂಪಾಯಿ, ಹೋಗುವುದು ಕೊಸರು.

ಹಣ್ಣು ತರಕಾರಿ ಮಾರುವ ಸಹಕಾರಿ ಮಳಿಗೆ ಹಾಪ್‌ಕಾಮ್ಸ್ ಇದರ ಪಕ್ಕದಲ್ಲೇ ನಿಲ್ಲುತ್ತದೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದು ಇದು. ಮಳಿಗೆಯಲ್ಲಿ ಆ ದಿನದ ರೇಟು ಹಾಕಿರುತ್ತಾರೆ, ತೂಕ ನಂಬಬಹುದು, ಚೌಕಾಸಿಯ ತಲೆನೋವಿಲ್ಲ. ಹೊಸದಾಗಿ ಊರಿಗೆ ಬಂದವರಿಗೆ ಅದರ ದೊಡ್ಡ ಉಪಯೋಗ ನನ್ನ ಪ್ರಕಾರ ಬೇರೆಯೇ. ಅಲ್ಲಿ ಕೊಳ್ಳದಿದ್ದರೂ ಬೋರ್ಡ್ ನೋಡಿ ಬಂದರೆ ಇವತ್ತು ಬೀನ್ಸ್ ಎಷ್ಟಿರಬೇಕು ಅಂತ ಗೊತ್ತಾಗುತ್ತದೆ. ಹಣ್ಣಿಗೆ ನಾನು ಅಲ್ಲಿಗೇ ಹೋಗುವುದು. ಬೇಸಿಗೆಯಲ್ಲಿ ದ್ರಾಕ್ಷಿ ಕಲ್ಲಂಗಡಿ ಮೇಳ, ಮಾವಿನ ಮೇಳ ಅಂತ ರಿಯಾಯಿತಿ ಬಿಡುತ್ತಾರೆ. ಕಲ್ಲಂಗಡಿ ಮಾತ್ರ ಒಬ್ಬರಿಗೆ ಇಡೀ ಹಣ್ಣು ಆಗಿಬರುವುದಿಲ್ಲ. ಅದಕ್ಕೆ ಎದುರುಮನೆಯವರ ಜೊತೆ ಸ್ನೇಹ ಇಟ್ಟುಕೊಳ್ಳಬೇಕು.

ಕೆ.ಆರ್. ಮಾರ್ಕೆಟ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಅರ್ಧಕ್ಕರ್ಧ ರೇಟು ಅಂತ. ಕೆಲವು ಸಾಮಾನಿಗೆ ಅದು ನಿಜಕ್ಕೆ ಹತ್ತಿರವೇ. ಆದರೆ ಅಲ್ಲಿಗೆ ಹೋಗುವುದು ಗಿಟ್ಟುತ್ತದೋ ಇಲ್ಲವೋ ಅನ್ನುವುದು ನೀವು ಯಾರು ಅನ್ನುವುದರ ಮೇಲೆ ನಿಂತಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ ಉಚಿತ. ಅವರಿಗೆ ಮಾರ್ಕೆಟ್ಟಿನ ಲೆಕ್ಕದಲ್ಲಿ ಒಂದು ಖರ್ಚು ಪೂರ್ತಿ ಬಿದ್ದುಹೋಯಿತು. ನನ್ನಂಥವರಿಗೆ ಬಸ್ಸೋ ಮೆಟ್ರೋನೋ ಹೋಗಿ ಬರುವ ಖರ್ಚು ಉಂಟು. ಹಸಿರು ಮಾರ್ಗದಲ್ಲಿ ಮಾರ್ಕೆಟ್ಟಿಗೇ ಸ್ಟೇಷನ್ ಇದೆ ನಿಜ. ಆದರೆ 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿದ ಮೇಲೆ ನೂರು ರೂಪಾಯಿ ತರಕಾರಿ ತರಲು ಅಲ್ಲಿಗೆ ಹೋಗುವುದು ತಮಾಷೆಯಾಗಿ ಕಾಣುತ್ತದೆ.

ನಾನು ತಿಂಗಳಿಗೆ ಒಂದು ಸಲ ಹೋಗುತ್ತೇನೆ. ಕೆಡದ ಸಾಮಾನಿಗೆ ಮಾತ್ರ: ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಶುಂಠಿ, ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು. ಸೊಪ್ಪಿನ ಕಡೆ ತಿರುಗಿಯೂ ನೋಡುವುದಿಲ್ಲ. ಹತ್ತು ರೂಪಾಯಿಗೆ ಅಷ್ಟು ದೊಡ್ಡ ಕಟ್ಟು ನೋಡಿದರೆ ಕೈ ತಡೆಯುವುದಿಲ್ಲ, ಅದಕ್ಕೇ ನೋಡುವುದಿಲ್ಲ. ಹೂವಿನ ಸಾಲಿನಲ್ಲಿ ಮಾತ್ರ ಸುಮ್ನೆ ಒಂದು ಸುತ್ತು ಹಾಕಿ ಬರುತ್ತೇನೆ. ಅದಕ್ಕೆ ದುಡ್ಡಿಲ್ಲ.

ತಂದ ಮೇಲಿನ ಕೆಲಸ

ಎಲ್ಲಿಂದ ತಂದರೂ ಯಾವುದನ್ನು ಮೊದಲು ಬೇಯಿಸುತ್ತೀರಿ ಅನ್ನುವುದರಲ್ಲಿ ಅರ್ಧ ಉಳಿತಾಯ ಇದೆ. ಭಾನುವಾರ ತಂದರೆ ಮೊದಲ ಎರಡು ದಿನ ಸೊಪ್ಪು. ಆಮೇಲೆ ಬೆಂಡೆಕಾಯಿ, ಹೀರೇಕಾಯಿ. ಬುಧವಾರದ ಹೊತ್ತಿಗೆ ಬೀನ್ಸ್, ಬದನೆ. ಕೊನೆಗೆ ಎಲೆಕೋಸು, ಬೀಟ್‌ರೂಟ್, ಸೀಮೆಬದನೆ, ಇವು ಹೇಗಿದ್ದರೂ ಕಾಯುತ್ತವೆ. ನಾನು ಮೊದಲು ಉಲ್ಟಾ ಮಾಡುತ್ತಿದ್ದೆ. ಆಲೂಗಡ್ಡೆ ಪಲ್ಯ ಸುಲಭ ಅಂತ ಅದನ್ನೇ ಮೊದಲು ಮಾಡಿ, ಗುರುವಾರ ಫ್ರಿಜ್ ತೆಗೆದರೆ ಪಾಲಕ್ ಸೊಪ್ಪು ನೀರಾಗಿರುತ್ತಿತ್ತು.

ಕೊತ್ತಂಬರಿ ಸೊಪ್ಪನ್ನು ತೊಳೆಯದೆ, ಬೇರು ಕತ್ತರಿಸಿ, ಪೇಪರಿನಲ್ಲಿ ಸುತ್ತಿ ಡಬ್ಬದಲ್ಲಿಟ್ಟರೆ ವಾರದ ಮೇಲೂ ಇರುತ್ತದೆ. ತೆಂಗಿನಕಾಯಿ ಒಬ್ಬರಿಗೆ ಕಷ್ಟದ ಸಾಮಾನು. ಒಡೆದರೆ ಒಂದು ಹೋಳು ಉಳಿದೇ ಉಳಿಯುತ್ತದೆ. 2025ರಲ್ಲಿ ಕಾಯಿ ಬೆಲೆ ಏರಿದ ಮೇಲಂತೂ ಅದನ್ನು ಎಸೆಯುವಾಗ ಕರುಳು ಚುರುಕ್ ಅನ್ನುತ್ತದೆ. ಒಡೆದ ದಿನವೇ ಪೂರ್ತಿ ತುರಿದು, ಒಂದೊಂದು ಹಿಡಿಯಷ್ಟು ಸಣ್ಣ ಪೊಟ್ಟಣ ಮಾಡಿ ಫ್ರೀಜರಿಗೆ ಹಾಕಿ. ಬೇಕಾದಾಗ ಒಂದು ಪೊಟ್ಟಣ ತೆಗೆದರಾಯಿತು. ಚಟ್ನಿಗೆ ರುಚಿ ಸ್ವಲ್ಪ ಇಳಿಯುತ್ತದೆ, ಹುಳಿಗೆ ಗೊತ್ತೇ ಆಗುವುದಿಲ್ಲ.

ಬೆಲೆ ಏರಿದಾಗ ಹಟ ಹಿಡಿಯಬಾರದು. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ದಾಟಿತ್ತು, 2019ರ ಡಿಸೆಂಬರಿನಲ್ಲಿ ಈರುಳ್ಳಿ ದಾಟಿತ್ತು. ಸಾರಿಗೆ ಹುಳಿ ಬೇಕು, ಅದು ಟೊಮೆಟೊದಿಂದಲೇ ಬರಬೇಕು ಅಂತ ಏನೂ ಇಲ್ಲ. ಹುಣಸೆಹಣ್ಣು ಡಬ್ಬದಲ್ಲಿ ಇದ್ದರೆ ಒಂದೆರಡು ತಿಂಗಳು ಟೊಮೆಟೊ ಮುಖ ನೋಡದೆ ಬದುಕಬಹುದು. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಯಿ ಬರುತ್ತದೆ. ಅಗ್ಗ ಅಂತ ಕಾಣುತ್ತದೆ, ಆದರೆ ಒಂದು ಕೆಜಿ ಸುಲಿದರೆ ಸಿಗುವ ಕಾಳು ಸ್ವಲ್ಪವೇ. ಹಿತುಕಿದ ಬೇಳೆ ರೆಡಿ ಇರುವುದು ಇನ್ನೂ ದುಬಾರಿ. ಈ ವಿಷಯದಲ್ಲಿ ನಾನು ಲೆಕ್ಕ ನೋಡುವುದಿಲ್ಲ. ವರ್ಷಕ್ಕೆ ಎರಡು ತಿಂಗಳು, ಹೋಗಲಿ ಬಿಡಿ.

ಅಕ್ಕಿ, ಬೇಳೆ, ರವೆ: ಬಿಡಿಯೋ ಪ್ಯಾಕೆಟ್ಟೋ ಮೂಟೆಯೋ

ಆ 26 ಕೆಜಿ ಮೂಟೆಯ ಕತೆಗೆ ವಾಪಸ್ ಬರೋಣ. ಇಪ್ಪತ್ತೈದು ಯಾಕಿಲ್ಲ, ಇಪ್ಪತ್ತಾರು ಯಾಕೆ ಅಂತ ನಿಮಗೂ ಅನ್ನಿಸಿರಬಹುದು. 2022ರ ಜುಲೈ 18ರಿಂದ 25 ಕೆಜಿವರೆಗಿನ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟು, ರವೆಗೆ ಶೇ 5 ಜಿಎಸ್‌ಟಿ ಹಾಕಿದರು. ಮಿಲ್ಲಿನವರು ಒಂದು ಕೆಜಿ ಜಾಸ್ತಿ ತುಂಬಿ 26 ಕೆಜಿ ಮೂಟೆ ಮಾಡಿದರು, ತೆರಿಗೆಯಿಂದ ಹೊರಗೆ ಬಂದರು.

ಸಂಸಾರಕ್ಕೆ ಇದು ಒಳ್ಳೆಯದೇ. ಒಬ್ಬರಿಗೆ? ಅಕ್ಕಿ ಕೆಜಿಗೆ 60 ರೂಪಾಯಿ ಅಂತ ಇಟ್ಟುಕೊಳ್ಳಿ. ಶೇ 5 ಅಂದರೆ ಕೆಜಿಗೆ ಮೂರು ರೂಪಾಯಿ. ತಿಂಗಳಿಗೆ ನಾಲ್ಕೂವರೆ ಕೆಜಿ ತಿನ್ನುವವರಿಗೆ ಉಳಿಯುವುದು ಹದಿಮೂರುವರೆ ರೂಪಾಯಿ. ಕೊನೆಗೆ ಒಂದೇ ಒಂದು ಕೆಜಿ ನುಸಿ ಹಿಡಿದು ಹೋದರೂ ನಾಲ್ಕು ತಿಂಗಳ ಉಳಿತಾಯ ಹೋಯಿತು. ನನ್ನ ಪಾರಿವಾಳಗಳು ತಿಂದ ಲೆಕ್ಕ ಇಲ್ಲಿ ಬರೆಯುವುದಿಲ್ಲ.

ಆದರೆ ತೆರಿಗೆ ತಪ್ಪಿಸಿಕೊಳ್ಳಲು ಮೂಟೆಯನ್ನೇ ಹೊರಬೇಕಾಗಿಲ್ಲ. ಮೂಲೆಯ ದಿನಸಿ ಅಂಗಡಿಯಲ್ಲಿ ಬಾಯಿ ತೆರೆದ ಮೂಟೆ ಇಟ್ಟಿರುತ್ತಾರಲ್ಲ, ಅದರಿಂದ ನಿಮ್ಮ ಕಣ್ಣೆದುರಿಗೆ ತೂಗಿ ಕೊಡುವ ಬಿಡಿ ಅಕ್ಕಿಗೆ ಈ ಜಿಎಸ್‌ಟಿ ಇಲ್ಲ. ಎರಡು ಕೆಜಿ ಬೇಕಾದರೂ ಕೊಳ್ಳಿ. ಮೂಟೆಯನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ, ನುಸಿಯ ಚಿಂತೆಯೂ ಅವರದೇ. ಒಬ್ಬರೇ ಇರುವವರಿಗೆ ಇದಕ್ಕಿಂತ ಒಳ್ಳೆ ಉಗ್ರಾಣ ಬೇಕಾ?

ಬಿಡಿ ಸಾಮಾನಿನ ತೊಂದರೆ ಅಂದರೆ ಗುಣ. ಯಾವಾಗ ತಂದದ್ದು, ಯಾವ ಬೆಳೆ ಅಂತ ಬರೆದಿರುವುದಿಲ್ಲ. ಹಾಗಾಗಿ ಅಂಗಡಿಯ ಆಯ್ಕೆ ಮುಖ್ಯ. ಜನ ಜಾಸ್ತಿ ಬರುವ, ಮೂಟೆ ಬೇಗ ಖಾಲಿಯಾಗುವ ಅಂಗಡಿ ನೋಡಿ. ಮೊದಲ ಸಲ ಅರ್ಧ ಕೆಜಿ ತಂದು ಬೇಯಿಸಿ ನೋಡಿ. "ಹಳೇ ಅಕ್ಕಿ ಕೊಡಿ" ಅಂತ ಕೇಳಿ. ಹಳೇ ಅಕ್ಕಿ ಕೆಜಿಗೆ ನಾಲ್ಕು ರೂಪಾಯಿ ಜಾಸ್ತಿ ಇದ್ದರೂ ನೀರು ಹೆಚ್ಚು ಕುಡಿದು ಅನ್ನ ಹುದುಗುತ್ತದೆ, ಉದುರಾಗಿ ಬರುತ್ತದೆ. ಹೊಸ ಅಕ್ಕಿ ಮುದ್ದೆಯಾಗಿ, ಮರುದಿನ ಚಿತ್ರಾನ್ನಕ್ಕೂ ಬಾರದೆ ಹೋಗುತ್ತದೆ. ಒಬ್ಬರ ಅಡುಗೆಯಲ್ಲಿ ಉಳಿದ ಅನ್ನ ಮರುದಿನಕ್ಕೆ ಬರಬೇಕು, ಅಲ್ವಾ? ಅದೂ ಲೆಕ್ಕವೇ.

ಬೇಳೆಯಲ್ಲಿ ತೊಗರಿ ಒಂದನ್ನೇ ನೆಚ್ಚಿಕೊಳ್ಳಬೇಡಿ. ಹೆಸರುಬೇಳೆ ಬೇಗ ಬೇಯುತ್ತದೆ, ಗ್ಯಾಸ್ ಉಳಿಯುತ್ತದೆ. ಐದು ಕೆಜಿಯ ಸಣ್ಣ ಸಿಲಿಂಡರ್ ಇಟ್ಟುಕೊಂಡವರಿಗೆ ಇದು ಕಣ್ಣಿಗೆ ಕಾಣುವ ವ್ಯತ್ಯಾಸ. ಎರಡೂ ಅರ್ಧರ್ಧ ಕೆಜಿ ಬಿಡಿ ತಂದರೆ ನನಗೆ ತಿಂಗಳು ಹತ್ತಿರ ಹತ್ತಿರ ಸಾಗುತ್ತದೆ. ರವೆ ತಂದ ದಿನವೇ ಹುರಿದು, ಆರಿಸಿ, ಡಬ್ಬಕ್ಕೆ ಹಾಕಿ. ಹುಳ ಬೀಳುವುದಿಲ್ಲ, ಬೆಳಿಗ್ಗೆ ಉಪ್ಪಿಟ್ಟಿಗೆ ಹತ್ತು ನಿಮಿಷವೂ ಉಳಿಯುತ್ತದೆ.

ಮೂಲೆ ಅಂಗಡಿಯ ಇನ್ನೊಂದು ಅನುಕೂಲ ಖಾತೆ ಬರೆಸುವುದು. ತಿಂಗಳ ಕೊನೆಗೆ ಕೈ ಖಾಲಿಯಾದಾಗ ಇದು ದೊಡ್ಡ ಆಸರೆ. ಆದರೆ ಬರೆಸಿದ ಸಾಮಾನಿಗೆ ಯಾರೂ ರೇಟು ಕೇಳುವುದಿಲ್ಲ, ನಾನೂ ಕೇಳುತ್ತಿರಲಿಲ್ಲ. ಒಂದು ತಿಂಗಳು ಪುಸ್ತಕ ತೆಗೆದು ನೋಡಿದರೆ ಬಿಸ್ಕತ್ತು, ಚಿಪ್ಸ್ ಸೇರಿ ಅಕ್ಕಿಗಿಂತ ಜಾಸ್ತಿ ಆಗಿತ್ತು. ಈಗ ಬರೆಸುವುದು ಬಿಟ್ಟಿದ್ದೇನೆ.

ಎಣ್ಣೆ, ಸೋಪು, ಟೀ ಪುಡಿ: ಇಲ್ಲಿ ದೊಡ್ಡ ಸೂಪರ್ ಮಾರ್ಕೆಟ್

ಪ್ಯಾಕೆಟ್ ಸಾಮಾನಿನಲ್ಲಿ ಆಟವೇ ಬೇರೆ. ಮೂಲೆ ಅಂಗಡಿಯಲ್ಲಿ ಹೆಚ್ಚಾಗಿ ಎಂಆರ್‌ಪಿಗೇ ಮಾರುತ್ತಾರೆ. ಡಿ-ಮಾರ್ಟ್ ಥರದ ದೊಡ್ಡ ಅಂಗಡಿಗಳಲ್ಲಿ ಎಂಆರ್‌ಪಿಗಿಂತ ಕಡಿಮೆಗೆ ಸಿಗುತ್ತದೆ. ಸೋಪು, ಬಟ್ಟೆ ಪುಡಿ, ಪಾತ್ರೆ ತೊಳೆಯುವುದು, ಟೂತ್‌ಪೇಸ್ಟ್, ಉಪ್ಪು, ಸಕ್ಕರೆ ಬೇಗ ಕೆಡುವುದಿಲ್ಲ. ಇವನ್ನು ಮಾತ್ರ ಸಂಸಾರಸ್ಥರ ಥರ ದೊಡ್ಡದಾಗಿ, ಎರಡು ತಿಂಗಳಿಗೊಮ್ಮೆ ತನ್ನಿ.

ಮಸಾಲೆ ಪುಡಿ ಇದಕ್ಕೆ ಸೇರುವುದಿಲ್ಲ. ದೊಡ್ಡ ಪ್ಯಾಕೆಟ್ ಗ್ರಾಂ ಲೆಕ್ಕದಲ್ಲಿ ಅಗ್ಗ, ಆದರೆ ಒಬ್ಬರು ಖಾಲಿ ಮಾಡುವಷ್ಟರಲ್ಲಿ ಘಮ ಹೋಗಿ ಬಣ್ಣದ ಹುಡಿ ಉಳಿಯುತ್ತದೆ. ಗರಂ ಮಸಾಲೆಯ ಹತ್ತು ರೂಪಾಯಿ ಪ್ಯಾಕೆಟ್ ನನಗೆ ತಿಂಗಳಿಗೆ ಸಾಕು. ಶ್ಯಾಂಪೂವಿನಲ್ಲಿ ಇನ್ನೊಂದು ಮಜಾ ಇದೆ. ಎಷ್ಟೋ ಸಲ ಸಣ್ಣ ಸ್ಯಾಶೆಯೇ ಬಾಟಲಿಗಿಂತ ಮಿಲಿ ಲೆಕ್ಕದಲ್ಲಿ ಅಗ್ಗ ಇರುತ್ತದೆ. ದೊಡ್ಡದು ಅಂದರೆ ಅಗ್ಗ ಅಂತ ಕಣ್ಣು ಮುಚ್ಚಿಕೊಂಡು ನಂಬಬೇಡಿ.

ನಂಬುವ ಬದಲು ಓದಬಹುದು. ಪ್ಯಾಕೆಟ್ ಮೇಲೆ ಎಂಆರ್‌ಪಿ ಜೊತೆ ಈಗ ಬಿಡಿ ದರವನ್ನೂ ಅಚ್ಚು ಹಾಕಬೇಕು ಅನ್ನುವ ನಿಯಮ ಇದೆ. ಒಂದು ಕೆಜಿಗಿಂತ ಕಡಿಮೆ ಇದ್ದರೆ ಗ್ರಾಂಗೆ ಎಷ್ಟು, ಹೆಚ್ಚಿದ್ದರೆ ಕೆಜಿಗೆ ಎಷ್ಟು ಅಂತ. ಅಕ್ಷರ ಸಣ್ಣದಾಗಿರುತ್ತದೆ, ಹುಡುಕಿ. ಎಣ್ಣೆ ಕೊಳ್ಳುವಾಗ ಇದು ಬಹಳ ಕೆಲಸಕ್ಕೆ ಬರುತ್ತದೆ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಈಗ ಅದೇ ಗಾತ್ರದ ಪೊಟ್ಟಣದಲ್ಲಿ 850 ಗ್ರಾಂ, 800 ಗ್ರಾಂ ಇರುವುದೂ ಬರುತ್ತಿದೆ. 910 ಗ್ರಾಂ ಇರುವುದರ ಬೆಲೆ 150, ಇನ್ನೊಂದರದು 144 ಅಂದುಕೊಳ್ಳಿ. ಆರು ರೂಪಾಯಿ ಉಳಿಯಿತು ಅಂತ ಎರಡನೆಯದನ್ನು ಎತ್ತಿಕೊಂಡರೆ, ಅದರಲ್ಲಿರುವುದು 850 ಗ್ರಾಂ. ಮೊದಲನೆಯದು ಗ್ರಾಂಗೆ ಹದಿನಾರೂವರೆ ಪೈಸೆ, ಎರಡನೆಯದು ಸುಮಾರು ಹದಿನೇಳು.

ಇಂಥ ಅಂಗಡಿಯಲ್ಲಿ ಒಬ್ಬರೇ ಇರುವವರಿಗೆ ಅಪಾಯ ಗಾಡಿಯಲ್ಲಿ ಇದೆ. ತಳ್ಳಿಕೊಂಡು ಹೋಗುವ ಆ ದೊಡ್ಡ ಟ್ರಾಲಿಯಲ್ಲಿ ನಾಲ್ಕು ಸಾಮಾನು ಹಾಕಿದರೆ ಖಾಲಿ ಖಾಲಿ ಕಾಣುತ್ತದೆ, ಮನಸ್ಸು ತುಂಬಿಸು ತುಂಬಿಸು ಅನ್ನುತ್ತದೆ. ನಾನು ಕೈಬುಟ್ಟಿ ಹಿಡಿಯುತ್ತೇನೆ. ಐದು ಕೆಜಿ ಆದಾಗ ಕೈ ನೋಯುತ್ತದೆ, ಬಿಲ್ ಕೌಂಟರಿಗೆ ಹೋಗುತ್ತೇನೆ.

ಆ್ಯಪ್: ಹತ್ತು ನಿಮಿಷದ ಬೆಲೆ

ಬ್ಲಿಂಕಿಟ್, ಝೆಪ್ಟೊ, ಇನ್‌ಸ್ಟಾಮಾರ್ಟ್ ಥರದ ಆ್ಯಪುಗಳನ್ನು ಬೈಯುವುದು ಸುಲಭ. ನಾನು ಪೂರ್ತಿ ಬೈಯುವುದಿಲ್ಲ. ಮೈ ಕೈ ನೋವು, ಜ್ವರ ಅಂತ ಮಲಗಿದಾಗ ಬ್ರೆಡ್ಡು, ಎಳನೀರು ಬಾಗಿಲಿಗೆ ಬರುವುದು ಒಂಟಿ ಇರುವವರಿಗೆ ಸಣ್ಣ ಮಾತಲ್ಲ. ಸಾಮಾನಿನ ರೇಟೂ ಕೆಲವು ಸಲ ಮೂಲೆ ಅಂಗಡಿಗಿಂತ ಕಡಿಮೆ ಇರುತ್ತದೆ.

ಪೆಟ್ಟು ಬೀಳುವುದು ಕೆಳಗಿನ ಸಾಲುಗಳಲ್ಲಿ. ಡೆಲಿವರಿ ಚಾರ್ಜ್, ಹ್ಯಾಂಡ್ಲಿಂಗ್ ಚಾರ್ಜ್, ಸಣ್ಣ ಆರ್ಡರ್ ಚಾರ್ಜ್, ಮಳೆ ಬಂದರೆ ಮಳೆಯದು. ಸಣ್ಣ ಆರ್ಡರ್ ಹಾಕುವವರು ಯಾರು? ನಾವೇ. ಮನೆಯಲ್ಲಿ ಐದು ಜನ ಇರುವವರ ಆರ್ಡರ್ ತಾನಾಗಿಯೇ ಮಿತಿ ದಾಟುತ್ತದೆ. ಅರವತ್ತು ರೂಪಾಯಿ ಸಾಮಾನಿಗೆ ಮೂವತ್ತು ರೂಪಾಯಿ ಚಾರ್ಜ್ ಬಿತ್ತು ಅಂದರೆ ಯಾವ ರಿಯಾಯಿತಿಯೂ ಅದನ್ನು ತುಂಬುವುದಿಲ್ಲ. ಅದನ್ನು ತಪ್ಪಿಸಿಕೊಳ್ಳಲು ಇನ್ನೂ ನೂರು ರೂಪಾಯಿಯ ಬೇಡದ ಸಾಮಾನು ಹಾಕಿದರೆ ಅದು ಇನ್ನೊಂದು ಥರದ ಪೆಟ್ಟು. ಒಂದು ಕಟ್ಟು ಕೊತ್ತಂಬರಿ ತರಿಸಲು ಹೋಗಿ ಐಸ್‌ಕ್ರೀಮ್ ಡಬ್ಬ ತಿಂದ ರಾತ್ರಿಗಳು ನನಗೆ ನೆನಪಿವೆ. ಕೊತ್ತಂಬರಿ ಏನಾಯಿತೋ ನೆನಪಿಲ್ಲ.

ದುಡ್ಡು ಕೊಡುವ ಮೊದಲು ಬಿಲ್ಲನ್ನು ಒಂದು ಸಲ ಪೂರ್ತಿ ಕೆಳಗಿನವರೆಗೆ ಎಳೆದು ನೋಡಿ. ನೀವು ಕೇಳದ ದೇಣಿಗೆ, ಟಿಪ್, ಮೆಂಬರ್‌ಶಿಪ್ ಸೇರಿಕೊಂಡಿದೆಯಾ? ಹೀಗೆ ಕೇಳದೆ ಸೇರಿಸುವುದನ್ನು, ಕೊನೆಯಲ್ಲಿ ಚಾರ್ಜ್ ತೋರಿಸುವುದನ್ನು ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಅಂಥ 13 ಬಗೆಯ ಮೋಸದ ಪಟ್ಟಿಯೇ ಅದರಲ್ಲಿದೆ. ನಿಯಮ ಇದೆ ಅಂತ ನೋಡುವುದನ್ನು ಬಿಡಬೇಡಿ, ಅಷ್ಟೇ.

ನಾನು ಇಟ್ಟುಕೊಂಡ ಕಟ್ಟಳೆ ಒಂದೇ. ಬೇಕು ಅನ್ನಿಸಿದ್ದನ್ನು ಆ್ಯಪಿನ ಬುಟ್ಟಿಗೆ ಹಾಕಿ ಬಿಡುತ್ತೇನೆ, ಆರ್ಡರ್ ಮಾಡುವುದಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಅರ್ಧ ತೆಗೆಯುವ ಹಾಗಿರುತ್ತದೆ, ಉಳಿದದ್ದು ಅಕ್ಕನ ಗಾಡಿಯಲ್ಲೇ ಇರುತ್ತದೆ.

ಹಾಲಿನ ಲೆಕ್ಕ

2025ರ ಏಪ್ರಿಲ್ 1ರಂದು ನಂದಿನಿ ಹಾಲು ಲೀಟರಿಗೆ ನಾಲ್ಕು ರೂಪಾಯಿ ಏರಿತು. ದಿನಕ್ಕೆ ಅರ್ಧ ಲೀಟರ್ ತರುವವರಿಗೆ ತಿಂಗಳಿಗೆ ಅರವತ್ತು ರೂಪಾಯಿ. ಇದಕ್ಕೆ ಬೇರೆ ದಾರಿ ಕಡಿಮೆ. ಬೂತಿಗೆ ನಡೆದು ಹೋಗಿ ಎಂಆರ್‌ಪಿಗೆ ತರುವುದೇ ಅಗ್ಗ. ಕೆಲವು ಅಂಗಡಿಗಳಲ್ಲಿ ಫ್ರಿಜ್ಜಿನಲ್ಲಿ ಇಟ್ಟದ್ದಕ್ಕೆ ಅಂತ ಒಂದು ರೂಪಾಯಿ ಮೇಲೆ ಕೇಳುತ್ತಾರೆ. ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿಲ್ಲ. ಜಗಳ ಬೇಡ ಅಂದರೆ ಬೂತಿಗೇ ಹೋಗಿ.

ಮೊಸರಿನ ಪ್ಯಾಕೆಟ್ ಬಿಟ್ಟು ಉಳಿದ ಹಾಲಿಗೆ ಹೆಪ್ಪು ಹಾಕಿ. ಶನಿವಾರ ಭಾನುವಾರ ಊರಿಗೆ ಹೋಗುವವರು ದಿನದ ಹಾಲು ಹಾಕಿಸಿಕೊಳ್ಳುವುದಕ್ಕಿಂತ ಗುಡ್‌ಲೈಫ್ ಥರದ, ಹೊರಗೇ ಇಡಬಹುದಾದ ಪೊಟ್ಟಣ ಇಟ್ಟುಕೊಳ್ಳುವುದು ಮೇಲು. ಲೀಟರಿಗೆ ಜಾಸ್ತಿ ನಿಜ, ಆದರೆ ಸೋಮವಾರ ಬಂದು ಒಡೆದ ಹಾಲು ಚೆಲ್ಲುವುದು ತಪ್ಪುತ್ತದೆ.

ಊರಿನ ಚೀಲ, ಪಡಿತರ, ಕ್ಯಾಂಟೀನ್

ಹೋಲಿಕೆಯಲ್ಲಿ ಯಾರೂ ಸೇರಿಸದ ಒಂದು ಅಂಗಡಿ ಇದೆ: ಅಮ್ಮ. ಸಾರಿನ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ, ಹುರುಳಿಕಾಳು, ಹಪ್ಪಳ. ಊರಿಂದ ಬರುವಾಗ ಇವನ್ನು ಬೇಡ ಅನ್ನಬೇಡಿ. ಆದರೆ ಪುಡಿ ಕಾಲು ಕೆಜಿ ಸಾಕು ಅಂತ ಗಟ್ಟಿಯಾಗಿ ಹೇಳಿ. ನಮ್ಮಮ್ಮ ಇನ್ನೂ ಒಂದು ಕೆಜಿಗೆ ಇಳಿದಿಲ್ಲ. ಉಳಿದದ್ದು ಆಫೀಸಿನವರ ಪಾಲು.

ಊರಿನ ರೇಷನ್ ಕಾರ್ಡಿನಲ್ಲಿ ನಿಮ್ಮ ಹೆಸರಿದ್ದರೆ, ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ನಿಮ್ಮ ಪಾಲನ್ನು ನೀವಿರುವ ಕಡೆಯ ನ್ಯಾಯಬೆಲೆ ಅಂಗಡಿಯಲ್ಲಿ ಆಧಾರ್ ಬೆರಳಚ್ಚು ಕೊಟ್ಟು ಪಡೆಯಬಹುದು. ಮನೆಯವರು ಅಲ್ಲಿ ಎಲ್ಲವನ್ನೂ ತೆಗೆದುಕೊಳ್ಳುತ್ತಿದ್ದರೆ ಮೊದಲು ಅವರ ಜೊತೆ ಮಾತಾಡಿಕೊಳ್ಳಿ.

ಇನ್ನು ಇಂದಿರಾ ಕ್ಯಾಂಟೀನ್. 2017ರ ಆಗಸ್ಟ್‌ನಲ್ಲಿ ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ಇಟ್ಟರು. ಮನೆಯಲ್ಲಿ ಒಬ್ಬರಿಗೆ ಮಾಡುವ ಯಾವ ತಿಂಡಿಯೂ ಐದು ರೂಪಾಯಿಗೆ ಆಗುವುದಿಲ್ಲ. ಹತ್ತಿರ ಇದ್ದರೆ, ಸಮಯಕ್ಕೆ ಹೋಗಲಾದರೆ, ಇದನ್ನು ಯಾವ ದಿನಸಿ ಲೆಕ್ಕವೂ ಸೋಲಿಸುವುದಿಲ್ಲ.

ಯಾರಿಗೆ ಯಾವುದು

ವಾರಕ್ಕೆ ಐದಾರು ದಿನ ಅಡುಗೆ ಮಾಡುವವರು ನನ್ನ ಥರ ಮಾಡಬಹುದು: ತರಕಾರಿ ಗಾಡಿಯಲ್ಲಿ, ಅಕ್ಕಿ ಬೇಳೆ ಮೂಲೆ ಅಂಗಡಿಯಲ್ಲಿ ಬಿಡಿ, ಎಣ್ಣೆ ಸೋಪು ಸೂಪರ್ ಮಾರ್ಕೆಟ್ಟಿನಲ್ಲಿ ಎರಡು ತಿಂಗಳಿಗೊಮ್ಮೆ, ಈರುಳ್ಳಿ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ತಿಂಗಳಿಗೊಮ್ಮೆ.

ಶನಿವಾರ ಭಾನುವಾರ ಮಾತ್ರ ಒಲೆ ಹಚ್ಚುವವರಿಗೆ ಈ ಓಡಾಟ ಬೇಡವೇ ಬೇಡ. ಮೂಲೆ ಅಂಗಡಿ ಮತ್ತು ಗಾಡಿ ಸಾಕು. ಒಂದು ಕೆಜಿ ದೋಸೆ ಹಿಟ್ಟಿನ ಪ್ಯಾಕೆಟ್ ಕೂಡ ಬೇಡ. ಮೂರನೇ ದಿನಕ್ಕೆ ಅದು ಹುಳಿ ಬರುತ್ತದೆ, ನೀವು ಮತ್ತೆ ಒಲೆ ಹಚ್ಚುವುದು ಇನ್ನೂ ನಾಲ್ಕು ದಿನಕ್ಕೆ.

ಇಬ್ಬರು ಮೂವರು ಸ್ನೇಹಿತರು ಒಂದೇ ಬಿಲ್ಡಿಂಗಿನಲ್ಲಿ ಒಂಟಿ ಒಂಟಿಯಾಗಿ ಇದ್ದರೆ ಮಾತ್ರ ಮೂಟೆಯ ಆಸೆ ಇಟ್ಟುಕೊಳ್ಳಿ. 26 ಕೆಜಿಯನ್ನು ಮೂರು ಪಾಲು ಮಾಡಿದರೆ ಒಬ್ಬೊಬ್ಬರಿಗೆ ಎಂಟೂಮುಕ್ಕಾಲು ಕೆಜಿ ಹತ್ತಿರ, ಎರಡು ತಿಂಗಳಲ್ಲಿ ಮುಗಿಯುತ್ತದೆ.

ಫ್ರಿಜ್ ಇಲ್ಲದ ರೂಮಿನಲ್ಲಿ ಇರುವವರು ತರಕಾರಿಯನ್ನು ದಿನದಿನಕ್ಕೆ ತರಬೇಕು. ಅದು ಕಷ್ಟ ಅಂತ ಅನ್ನಿಸಿದರೂ ನಿಮ್ಮಷ್ಟು ಕಡಿಮೆ ಎಸೆಯುವವರು ಯಾರೂ ಇಲ್ಲ. ಫ್ರಿಜ್ ಕೊಳ್ಳುವ ಯೋಚನೆ ಇದ್ದರೆ ಮೊದಲು ಒಂದು ತಿಂಗಳು ಎಸೆದ ಸಾಮಾನನ್ನು ಬಾಗಿಲ ಹಿಂದೆ ಚೀಟಿ ಅಂಟಿಸಿ ಬರೆಯಿರಿ. ನನ್ನ ಚೀಟಿಯಲ್ಲಿ ಫ್ರಿಜ್ ಬಂದ ಮೇಲೆ ಸಾಲುಗಳು ಕಡಿಮೆಯಾಗಲಿಲ್ಲ. ಎಸೆಯುವ ದಿನ ಮಾತ್ರ ಬುಧವಾರದಿಂದ ಶನಿವಾರಕ್ಕೆ ಹೋಯಿತು.